ಆಟ ನಿಲ್ಲಿಸಿದವರನ್ನು ಯಾಕೆ ಬಿಟ್ಟಿರಿ?

ಈ ಸಲದ ಬೆಳೆ ಹಬ್ಬದ ರಾತ್ರಿ ಕೂಟಕ್ಕೆ ಹೊರಗಿನಿಂದ ಬಂದಿದ್ದ ಪ್ರಸಂಗಿಗಳೊಬ್ಬರು ನಮಗೆ ಒಂದು ಕಥೆ ಹೇಳಿ ಹೋದರು. ಅವರು ಒಳ್ಳೆಯವರು. ದೂರದಿಂದ ಬಸ್ಸು ಹತ್ತಿ ಬಂದವರು. ನಾವು ಕೊಟ್ಟ ಕಾಣಿಕೆಯನ್ನು ಲೈನಿನ ವಿಧವೆಯರಿಗೇ ಬಿಟ್ಟು ಹೋದವರು. ಅವರ ಮೇಲೆ ನನಗೆ ಕೋಪವಿಲ್ಲ. ಅವರು ಹೇಳಿದ ಕಥೆಯ ಮೇಲೆ ಕೋಪವಿದೆ. ಅದನ್ನು ಕೇಳಿ ಗಟ್ಟಿಯಾಗಿ ಆಮೆನ್ ಎಂದ ನಮ್ಮ ಮೇಲೆ ಅದಕ್ಕಿಂತ ಹೆಚ್ಚಿನ ಕೋಪವಿದೆ. ಆ ಕೂಟದ ಆಮಂತ್ರಣ ಅಚ್ಚಾದದ್ದು ಈ ಪತ್ರಿಕೆಯಲ್ಲೇ ಆದ್ದರಿಂದ ಈ ಮಾತನ್ನೂ ಇಲ್ಲೇ ಬರೆಯುತ್ತೇನೆ. ಸಂಪಾದಕರು ಕತ್ತರಿ ಹಾಕದೆ ಅಚ್ಚು ಮಾಡಬೇಕೆಂದು ವಿನಂತಿ.

ಅವರು ಹೇಳಿದ ಕಥೆ ಇಷ್ಟು. ಮಹಾರಾಷ್ಟ್ರದಲ್ಲಿ ವಿಠಾಬಾಯಿ ಎಂಬ ತಮಾಶಾ ಆಟದ ಹೆಣ್ಣುಮಗಳಿದ್ದಳು. ಒಂಬತ್ತು ತಿಂಗಳು ತುಂಬಿದ ಬಸುರಿ. ಆಟ ನಡೆಯುತ್ತಿದ್ದಾಗಲೇ ಹೆರಿಗೆ ನೋವು ಬಂತು. ಪರದೆಯ ಹಿಂದೆ ಹೋದಳು, ಕೂಸನ್ನು ಹೆತ್ತಳು, ಕೈಗೆ ಸಿಕ್ಕ ಕಲ್ಲಿನಿಂದ ಹೊಕ್ಕುಳ ಬಳ್ಳಿಯನ್ನು ಜಜ್ಜಿ ಕತ್ತರಿಸಿಕೊಂಡಳು, ಸೀರೆ ಬಿಗಿದು ಮತ್ತೆ ರಂಗಕ್ಕೆ ಬಂದು ನಿಂತಳು. "ನೋಡಿರಿ," ಎಂದರು ಪ್ರಸಂಗಿಗಳು, "ಸಿಳ್ಳೆ ಹೊಡೆಯುವ ಮಂದಿಗಾಗಿ ಒಬ್ಬಳು ಇಷ್ಟು ಮಾಡುತ್ತಾಳೆ. ನೀವೋ, ಕರ್ತನ ಕೆಲಸಕ್ಕೆ ಕರೆದರೆ ಸೊಂಟ ನೋವು, ಭುಜ ನೋವು ಎನ್ನುತ್ತೀರಿ."

ಭುಜ ಎಂದ ಕೂಡಲೇ ಚಪ್ಪರದ ಕೆಳಗಿದ್ದ ಎಲ್ಲರ ಕಣ್ಣು ಎಲ್ಲಿಗೆ ತಿರುಗಿತೆಂದು ನಿಮಗೆ ಗೊತ್ತು. ನಮ್ಮ ಭಜನಾ ಮೇಳದ ಡೋಲಕ್ ಬಾರಿಸುವ ತಮ್ಮ ಮೂರನೆಯ ಸಾಲಿನಲ್ಲಿ ಕುಳಿತಿದ್ದ. ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡುವಾಗ ಏಣಿ ಜಾರಿ ಬಿದ್ದ ಹುಡುಗ. ಬಲ ಭುಜ ಇನ್ನೂ ಮೇಲೆ ಏಳುವುದಿಲ್ಲ. ಅವನು ತಲೆ ತಗ್ಗಿಸಿದ. ಮಾರನೆಯ ದಿನ ಬೆಳಿಗ್ಗೆ ನಮ್ಮ ಮನೆ ಬಾಗಿಲಿಗೆ ಬಂದು, "ಅಣ್ಣ, ಡೋಲಕ್ ಕೊಡಿ, ಕ್ರಿಸ್ಮಸ್ ಹಾಡಿನ ಸುತ್ತಿಗೆ ನಾನೇ ಬರ್ತೀನಿ, ಒಂಬತ್ತು ರಾತ್ರಿ ತಾನೆ?" ಎಂದ. ಒಂಬತ್ತು ರಾತ್ರಿ, ಹನ್ನೊಂದು ಲೈನು, ಚಳಿಯಲ್ಲಿ ಜೀಪಿನ ಹಿಂದೆ ಕುಳಿತು ಪ್ರಯಾಣ! ನಾನು ಕೊಡಲಿಲ್ಲ. ಯಾಕೆ ಕೊಡಲಿಲ್ಲವೆಂದು ಕೆಲವರು ಮುನಿಸಿಕೊಂಡಿದ್ದಾರೆ. ಅವರಿಗೆ ನನ್ನ ಉತ್ತರ ಇದು.

ಮೊದಲನೆಯದಾಗಿ, ಪ್ರಸಂಗಿಗಳು ಹೇಳಿದ್ದು ಅರ್ಧ ಕಥೆ. ನಾನು ಹುಟ್ಟಿದ್ದು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವದ ಅಂಚಿನಲ್ಲಿ. ಗುಡ್ಡಾಪುರ, ಸಂಖ, ಉಮದಿಯ ಆ ಸೀಮೆ ಮಹಾರಾಷ್ಟ್ರದಲ್ಲಿದ್ದರೂ ಮನೆಮಾತು ಕನ್ನಡ. ವಿಜಾಪುರ ಕಡೆಯಿಂದ ಈ ತೋಟಗಳಿಗೆ ಬಂದ ಕುಟುಂಬಗಳಿಗೆ ಆ ಊರುಗಳು ಹೊಸವಲ್ಲ. ಅಲ್ಲಿ ಮಳೆ ಕಡಿಮೆ, ಜಾತ್ರೆ ಹೆಚ್ಚು. ಜಾತ್ರೆ ಎಂದರೆ ಒಂದು ರಾತ್ರಿ ಕನ್ನಡದ ಪಾರಿಜಾತ, ಇನ್ನೊಂದು ರಾತ್ರಿ ಮರಾಠಿಯ ತಮಾಶಾ. ನಮ್ಮ ಮಂದಿ ಎರಡನ್ನೂ ಸಮನಾಗಿ ಕೇಳುತ್ತಾರೆ. ವಿಠಾಬಾಯಿ ಭಾವು ಮಾಂಗ ನಾರಾಯಣಗಾವಕರ ಎಂಬ ಪೂರ್ಣ ಹೆಸರನ್ನು ನಮ್ಮ ದೊಡ್ಡವರು ಬಾಯಿತುಂಬ ಹೇಳುತ್ತಿದ್ದರು. ಆಕೆ ನಮ್ಮ ನೆರೆಯ ಪಂಢರಪುರದಲ್ಲಿ 1935ರಲ್ಲಿ ಹುಟ್ಟಿದವಳು, ತಂದೆಯ ಫಡದಲ್ಲೇ, ಅಂದರೆ ಆಟದ ಮೇಳದಲ್ಲೇ, ಬೆಳೆದವಳು. ಆ ಹೆರಿಗೆಯ ಕಥೆ ನಿಜ, ಮಹಾರಾಷ್ಟ್ರದಲ್ಲಿ ಎಲ್ಲರೂ ಬಲ್ಲದ್ದು. ಆದರೆ ಅದು ಕಲ್ಲಿನೊಂದಿಗೆ ಮುಗಿಯುವುದಿಲ್ಲ.

ಆಕೆ ಮತ್ತೆ ರಂಗಕ್ಕೆ ಬಂದಾಗ ಪ್ರೇಕ್ಷಕರು ನೋಡಿದರು. ಈಗ ತಾನೇ ತುಂಬಿದ್ದ ಹೊಟ್ಟೆ ಈಗ ಇಲ್ಲ! ಏನಾಯಿತೆಂದು ವಿಚಾರಿಸಿದರು. ವಿಷಯ ತಿಳಿದ ಮೇಲೆ ಆ ಮಂದಿ ಏನು ಮಾಡಿದರು? ಚಪ್ಪಾಳೆ ತಟ್ಟಿ ಇನ್ನೊಂದು ಲಾವಣಿ ಕೇಳಲಿಲ್ಲ. ಆಟ ಸಾಕು, ಹೋಗಿ ಮಲಗವ್ವಾ ಎಂದು ಆಟ ನಿಲ್ಲಿಸಿದರು. ಚೀಟಿಗೆ ಕೊಟ್ಟ ದುಡ್ಡನ್ನು ಬಿಟ್ಟು ಎದ್ದವರು ದೊಡ್ಡ ಸಭೆಯ ಸದಸ್ಯರಲ್ಲ, ಸುವಾರ್ತೆ ಓದಿದವರಲ್ಲ. ಬೀಡಿ ಸೇದುತ್ತ, ಸಿಳ್ಳೆ ಹಾಕುತ್ತ ಕುಳಿತ ಹಳ್ಳಿಯ ದುಡಿಯುವ ಜನ. ಪ್ರಸಂಗಿಗಳೇ, ಅವರನ್ನು ಯಾಕೆ ಬಿಟ್ಟಿರಿ? ಕಥೆಯಲ್ಲಿ ನಮಗೆ ಬೇಕಾದ ಪಾಠ ಅವರಲ್ಲೇ ಇತ್ತಲ್ಲ! ನಾವು ವಿಠಾಬಾಯಿಯ ಜಾಗದಲ್ಲಿ ಕುಳಿತಿರಲಿಲ್ಲ, ಪ್ರೇಕ್ಷಕರ ಜಾಗದಲ್ಲಿ ಕುಳಿತಿದ್ದೆವು.

ನಾನು ಇಷ್ಟು ಬಿರುಸಾಗಿ ಬರೆಯುವುದಕ್ಕೆ ಕಾರಣವಿದೆ. ಅಂಥದೇ ಒಂದು ಆಟದಲ್ಲಿ ನಾನೂ ಪ್ರೇಕ್ಷಕನಾಗಿದ್ದೆ, ಮತ್ತು ಆಟ ನಿಲ್ಲಿಸಲಿಲ್ಲ.

2014ರ ಏಪ್ರಿಲ್. ನಮ್ಮ ಸೀಮೆಯ ಒಂದು ಊರಿನ ಜಾತ್ರೆ. ವಿಶ್ವಾಸಿಗೆ ತಮಾಶಾದಲ್ಲಿ ಏನು ಕೆಲಸವೆಂದು ಕೇಳುವವರು ಇದ್ದೇ ಇರುತ್ತಾರೆ. ಚಿಕ್ಕಪ್ಪನಿಗೆ ಮಾಡಗ್ಯಾಳ ತಳಿಯ ಟಗರು ಬೇಕಿತ್ತು, ಜೊತೆಗೆ ಹೋಗಿದ್ದೆ, ರಾತ್ರಿ ಬಸ್ಸು ಇರಲಿಲ್ಲ. ಇಷ್ಟು ಸಾಲದಿದ್ದರೆ ಸಭಾಪಾಲಕರ ಮುಂದೆ ಬಂದು ಉತ್ತರ ಕೊಡುತ್ತೇನೆ. ಆಟ ಹತ್ತು ಗಂಟೆಗೆ ಶುರುವಾಯಿತು. ಢೋಲ್ಕಿ ಬಾರಿಸುವವನು ಇಪ್ಪತ್ತೈದರ ಆಸುಪಾಸಿನ ಹುಡುಗ. ಮೊದಲು ಗಣ, ಆಮೇಲೆ ಗೌಳಣ, ಆಮೇಲೆ ಲಾವಣಿ. ಅವನ ಬಲಗೈಯ ತೋರು ಬೆರಳಿಗೆ ಒಂದು ಅರಿವೆ ಸುತ್ತಿತ್ತು. ಢೋಲ್ಕಿಯಲ್ಲಿ ಬಲಗಡೆಯ ಚರ್ಮ ಸಣ್ಣ ದನಿಯದು, ಬೆರಳ ತುದಿಗಳಿಂದಲೇ ಅದರ ಮಾತು ಹೊರಡಬೇಕು. ಅವನು ಆ ಒಂದು ಬೆರಳನ್ನು ಮೇಲೆತ್ತಿಕೊಂಡು ಉಳಿದ ಬೆರಳಿನಲ್ಲೇ ನುಡಿಸುತ್ತಿದ್ದ. ಜೋರಿನ ಲಾವಣಿ ಬಂದಾಗ ಮಾತ್ರ ಆ ಬೆರಳೂ ತನ್ನಷ್ಟಕ್ಕೇ ಚರ್ಮದ ಮೇಲೆ ಬೀಳುತ್ತಿತ್ತು. ಬಿದ್ದಾಗಲೆಲ್ಲ ಅವನು ಕಣ್ಣು ಮುಚ್ಚುತ್ತಿದ್ದ. ನಾವು ಅದನ್ನು ತಲ್ಲೀನತೆ ಎಂದುಕೊಂಡೆವು. "ಒನ್ಸ್ ಮೋರ್" ಎಂದೆವು. ನಾನೂ ಎಂದೆ.

ಬೆಳಗಿನ ಜಾವ ಆಟ ಮುಗಿದು ರಾಹುಟಿ ಕಳಚುವಾಗ ಚಹಾದಂಗಡಿಯ ಹತ್ತಿರ ಅವನು ಸಿಕ್ಕ. ಕನ್ನಡದ ಹುಡುಗನೇ. ಅರಿವೆಯಿಂದ ವಾಸನೆ ಬರುತ್ತಿತ್ತು.

"ಏನಾತೋ ತಮ್ಮಾ ಕೈಗೆ?"

"ಕಬ್ಬಿಣದ ಕಂಬ ಬಿತ್ರೀ ಕಾಕಾರ, ಲಾರಿ ತುಂಬೂ ಮುಂದ. ಎಂಟ ದಿನಾ ಆತು."

"ದವಾಖಾನಿಗೆ ತೋರಿಸಲಿಲ್ಲೇನು?"

"ಯಾವಾಗ ತೋರಸ್ಲಿ? ರಾತ್ರಿ ಆಟ, ಮುಂಜಾನೆ ಲಾರಿ. ದವಾಖಾನಿ ಬಾಗಲಾ ತೆರಿಯೂ ಹೊತ್ತಿಗೆ ನಾವು ಹಾದ್ಯಾಗ ಇರತೀವ್ರಿ."

"ಮಾಲಕರಿಗೆ ಹೇಳಬೇಕಿಲ್ಲೋ?"

"ಹೇಳೀನ್ರಿ. ಅವರೂ ಸಾಲಾ ತಂದs ಫಡ ಕಟ್ಯಾರ. ನಾ ಉಚಲ ತಗೊಂಡೀನಿ. ಬದಲಿ ಮನಶ್ಯಾನ ತಂದ್ರ ಅವನ ಪಗಾರ ನನ್ನ ಲೆಕ್ಕಕ್ಕ ಬೀಳತೈತಿ." ಸ್ವಲ್ಪ ಹೊತ್ತು ಬಿಟ್ಟು ತಾನಾಗಿಯೇ ನಕ್ಕು ಹೇಳಿದ: "ಬಾರಸೂ ಮುಂದ ನೋವು ಗೊತ್ತಾಗೂದಿಲ್ರಿ ಕಾಕಾರ. ನಿಲ್ಲಿಸಿದ ಮ್ಯಾಲ ಗೊತ್ತಾಗತೈತಿ."

ಉಚಲ ಎಂದರೆ ಮುಂಗಡ. ತಮಾಶಾದ ಹಂಗಾಮು ದಸರೆಗೆ ಶುರುವಾಗಿ ಬುದ್ಧ ಪೂರ್ಣಿಮೆಗೆ ಮುಗಿಯುತ್ತದೆ, ಸುಮಾರು ಏಳು ತಿಂಗಳು. ಯುಗಾದಿ ಹತ್ತಿರವಾದಾಗ ಊರೂರಿನ ಜಾತ್ರಾ ಕಮಿಟಿಯವರು ಪುಣೆ ಜಿಲ್ಲೆಯ ನಾರಾಯಣಗಾವಕ್ಕೆ ಹೋಗಿ ಫಡಗಳನ್ನು ಗೊತ್ತುಮಾಡುತ್ತಾರೆ. ಮಳೆಗಾಲದಲ್ಲಿ ಕಲಾವಿದನ ಮನೆಯಲ್ಲಿ ಒಲೆ ಹೊತ್ತಿಸಲು ದುಡ್ಡಿಲ್ಲ. ಆಗ ಫಡದ ಮಾಲೀಕ ಕೊಡುವ ಉಚಲವೇ ಗತಿ. ಅದನ್ನು ತೀರಿಸುವವರೆಗೆ ಅವನ ಕೈ ಅವನದಲ್ಲ. ನಮ್ಮ ಜತ್ತದ ಮಂದಿ ಕಬ್ಬು ಕಡಿಯಲು ಕಾರಖಾನೆಗಳಿಗೆ ಹೋಗುವುದೂ ಇದೇ ಉಚಲದ ಮೇಲೆ, ಮುಕಾದಮನ ಕೈಯಿಂದ. ಶಬ್ದ ಕೂಡ ಅದೇ! ನಮ್ಮ ಅಜ್ಜಂದಿರನ್ನು ಘಟ್ಟ ಹತ್ತಿಸಿದ ಮೇಸ್ತ್ರಿಯ ಮುಂಗಡ ಇದಕ್ಕಿಂತ ಬೇರೆಯೇ? ಗಾಯವಾದ ಕೈಯನ್ನು ಢೋಲ್ಕಿಯ ಮೇಲೆ ಇಡಿಸಿದ್ದು ಕಲಾಭಕ್ತಿಯೆಂದು ಹೇಳುವವರು ಮೊದಲು ಈ ಲೆಕ್ಕದ ಪುಸ್ತಕವನ್ನು ತೆರೆದು ನೋಡಲಿ.

ಆ ಹುಡುಗನಿಗೆ ಕಲೆಯ ಪ್ರೀತಿ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಇತ್ತು, ತುಂಬ ಇತ್ತು. ವಿಠಾಬಾಯಿಗಂತೂ ಸ್ವಾಭಿಮಾನ ಧೈರ್ಯ ಎರಡೂ ಬೆಟ್ಟದಷ್ಟಿದ್ದವು, ಆಕೆಗೆ ನಾನು ತಲೆಬಾಗುತ್ತೇನೆ. ಆದರೆ ದುಡಿಯುವವನಿಗೆ ತನ್ನ ಕೆಲಸದ ಮೇಲಿರುವ ಪ್ರೀತಿಯಿಂದಲೇ ಇನ್ನೊಬ್ಬರು ಲಾಭ ಮಾಡಿಕೊಳ್ಳುತ್ತಾರೆ. ಜ್ವರ ಬಂದರೂ ಹಣ್ಣು ಕುಯ್ಯಲು ಬಂದವಳನ್ನು ರೈಟರು "ಒಳ್ಳೆ ಹೆಂಗಸು" ಎನ್ನುತ್ತಾನೆ. ಆ ಹೊಗಳಿಕೆಗೆ ಅವನು ಒಂದು ಕಾಸೂ ಖರ್ಚು ಮಾಡುವುದಿಲ್ಲ.

ಮುಂದೆ ಆ ಹುಡುಗನ ಗತಿ ಏನಾಯಿತೆಂದು ಚಿಕ್ಕಪ್ಪನಿಂದ ತಿಳಿಯಿತು. ಹಂಗಾಮು ಮುಗಿಸಿಯೇ ಮಿರಜಿಗೆ ಹೋದ. ನಮ್ಮ ಕಡೆಯವರಿಗೆ ವಾದ್ಯ ಒಡೆದರೂ ಮಿರಜಿ, ಮೈ ಒಡೆದರೂ ಮಿರಜಿ. ಸಿತಾರು ತಂಬೂರಿ ಮಾಡುವ ಮನೆತನಗಳು ಅಲ್ಲಿವೆ. ಡಾಕ್ಟರ್ ವಾನ್ಲೆಸ್ ಸಾಹೇಬರು 1894ರಲ್ಲಿ ಮಿಶನ್ ಆಸ್ಪತ್ರೆ ಕಟ್ಟಿದ ಕಾಲದಿಂದ ಅದು ವೈದ್ಯರ ಊರು. ಅವನು ಹೋದ ದವಾಖಾನೆಯಲ್ಲಿ ಬೆರಳನ್ನು ಬುಡದಿಂದ ತೆಗೆದರು. ಬೇಗ ಬಂದಿದ್ದರೆ ಉಳಿಯುತ್ತಿತ್ತಂತೆ. ಮರುವರ್ಷ ಅದೇ ಫಡದಲ್ಲಿ ಮಂಜೀರಿ ಹಿಡಿದು ಅರ್ಧ ಪಗಾರಕ್ಕೆ ನಿಂತ. ಉಚಲದ ಬಾಕಿ ಇತ್ತಲ್ಲ!

ಮಿರಜಿಯ ಮಾತು ಬಂದದ್ದರಿಂದ ಇನ್ನೊಂದು ಕಥೆ ನೆನಪಾಗುತ್ತದೆ. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನ್ ಸಾಹೇಬರು ಮಿರಜಿಯಲ್ಲಿ ನೆಲೆಸಿದ್ದವರು. ಧಾರವಾಡದ ಗಾಯನಕ್ಕೂ ಅವರ ಋಣ ದೊಡ್ಡದು, ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ ಇಬ್ಬರ ಗುರು ಸವಾಯಿ ಗಂಧರ್ವರು ಅವರ ಶಿಷ್ಯರು. 1937ರ ಅಕ್ಟೋಬರ್ 27ರಂದು ಖಾನ್ ಸಾಹೇಬರು ಮದ್ರಾಸಿನಿಂದ ಪಾಂಡಿಚೇರಿಗೆ ಹಾಡಲು ಹೊರಟಿದ್ದರು. ರೈಲಿನಲ್ಲಿ ಎದೆ ನೋವು ಬಂತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಶನ್ನಿನಲ್ಲಿ ಇಳಿದರು, ಅಲ್ಲಿಯೇ ಹಾಸಿ ಕುಳಿತು ಪ್ರಾರ್ಥಿಸಿ ಹಾಡುತ್ತ ಪ್ರಾಣ ಬಿಟ್ಟರು. ಅವರ ಸಮಾಧಿ ಮಿರಜಿಯ ಮೀರಾಸಾಹೇಬ ದರ್ಗಾದಲ್ಲಿದೆ. ಉರುಸಿನಲ್ಲಿ ದೊಡ್ಡ ದೊಡ್ಡ ಗಾಯಕರು ಬಂದು ಹಾಡಿ ಹೋಗುತ್ತಾರೆ. ಈ ಕಥೆ ಹೇಳುವವರು ಯಾವಾಗಲೂ ಆ ಕೊನೆಯ ಹಾಡಿನ ಮಾತು ಎತ್ತುತ್ತಾರೆ. ನನಗೆ ಹಾಡಿಗಿಂತ ಮೊದಲಿನ ಸಂಗತಿ ಕಾಣುತ್ತದೆ. ಅವರು ಇಳಿದರು! ಮುಂದಿನ ಊರಿನಲ್ಲಿ ಕಛೇರಿ ಕಾಯುತ್ತಿದ್ದರೂ ರೈಲಿನಿಂದ ಇಳಿಯುವುದು ಅವರ ಕೈಯಲ್ಲಿತ್ತು. ಆ ಕೊನೆಯ ಹಾಡನ್ನು ಯಾರೂ ಅವರಿಂದ ವಸೂಲಿ ಮಾಡಲಿಲ್ಲ. ಢೋಲ್ಕಿಯ ಹುಡುಗನಿಗೆ ಲಾರಿಯಿಂದ ಇಳಿಯುವ ಅಧಿಕಾರ ಇರಲಿಲ್ಲ.

ಇನ್ನು ವಿಠಾಬಾಯಿಯ ಕೊನೆಗಾಲ. ರಾಷ್ಟ್ರಪತಿಗಳಿಂದ ಪದಕ ಪಡೆದವಳು. 2002ರ ಜನವರಿಯಲ್ಲಿ ತೀರಿಕೊಂಡಾಗ ಆಸ್ಪತ್ರೆಯ ಬಿಲ್ಲನ್ನು ದಾನಿಗಳು ಕೂಡಿ ತೀರಿಸಬೇಕಾಯಿತು. 2006ರಿಂದ ರಾಜ್ಯ ಸರಕಾರ ಆಕೆಯ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಿದೆ. ಸತ್ತ ಮೇಲೆ ಹೆಸರಿಗೆ ಹಾರ ಹಾಕುವುದು ಬದುಕಿದ್ದಾಗ ಔಷಧಿ ಕೊಡಿಸುವುದಕ್ಕಿಂತ ಸುಲಭವಾದ ಕೆಲಸ. ಇದನ್ನು ಸರಕಾರಕ್ಕೆ ಮಾತ್ರ ಹೇಳುತ್ತಿದ್ದೇನೆಂದು ನಮ್ಮ ಕಮಿಟಿಯವರು ತಿಳಿಯಬಾರದು.

ನೋವನ್ನು ನುಂಗಿ ದುಡಿಯುವುದನ್ನು ಹೊಗಳುತ್ತ ಹೋದರೆ ಎಲ್ಲಿಗೆ ಮುಟ್ಟುತ್ತದೆಂದು ನೋಡಬೇಕೆ? ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳನ್ನು ನೋಡಿರಿ. 2019ರಲ್ಲಿ ಮಹಾರಾಷ್ಟ್ರ ಸರಕಾರ ನೇಮಿಸಿದ ಸಮಿತಿ 82,309 ಹೆಂಗಸರನ್ನು ವಿಚಾರಿಸಿತು. ಅವರಲ್ಲಿ 13,861 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು! ಗಂಡ ಹೆಂಡತಿ ಕೂಡಿ ಒಂದು ಕೋಯ್ತಾ ಎಂದು ಲೆಕ್ಕ. ಒಂದು ದಿನ ತಪ್ಪಿದರೆ ಕೂಲಿ ಹೋಗುವುದಷ್ಟೇ ಅಲ್ಲ, ಮೇಲೆ ದಂಡ. ತಿಂಗಳ ನೋವಿಗೆ ದಂಡ ತೆರುವುದಕ್ಕಿಂತ ಚೀಲವನ್ನೇ ತೆಗೆಸುವುದು ವಾಸಿ ಎಂಬ ಸ್ಥಿತಿಗೆ ಬಂದರು. ಇವರನ್ನೂ ನಾವು ನಿಷ್ಠಾವಂತರೆಂದು ವೇದಿಕೆಯ ಮೇಲೆ ಉದಾಹರಣೆ ಕೊಡೋಣವೇ?

ಕಾನೂನಿನ ವಿಷಯವನ್ನೂ ಎರಡು ಮಾತಿನಲ್ಲಿ ಹೇಳುತ್ತೇನೆ, ನಮ್ಮ ಹೆಣ್ಣುಮಕ್ಕಳು ಗಮನಿಸಲಿ. 1961ರ ಹೆರಿಗೆ ಸೌಲಭ್ಯ ಕಾಯಿದೆ ಕಾರಖಾನೆ, ಗಣಿ, ತೋಟ ಈ ಮೂರಕ್ಕೆ ಅನ್ವಯಿಸುವಂತೆ ಬಂತು. 1973ರಲ್ಲಿ ಅದೇ ಕಲಮಿಗೆ ಇನ್ನೊಂದು ಮಾತು ಸೇರಿಸಿದರು: ಕುದುರೆಯಾಟ, ದೊಂಬರಾಟ ಮತ್ತು ಇತರ ಪ್ರದರ್ಶನಗಳಿಗೆ ಕೆಲಸಗಾರರನ್ನು ಇಟ್ಟುಕೊಂಡ ಸಂಸ್ಥೆಗಳು. ಅಂದರೆ ತೋಟದ ಹೆಂಗಸೂ ಆಟದ ಹೆಂಗಸೂ ಒಂದೇ ವಾಕ್ಯದಲ್ಲಿ ಅಕ್ಕತಂಗಿಯರು! ಹೆರಿಗೆಯಾದ ಆರು ವಾರ ಆಕೆಯನ್ನು ಕೆಲಸಕ್ಕೆ ಹಚ್ಚಬಾರದೆಂದು ಕಾಯಿದೆ ಮಾಲೀಕನಿಗೆ ಕಟ್ಟಪ್ಪಣೆ ಮಾಡಿತು. ವಿಠಾಬಾಯಿಗೆ ಸಿಕ್ಕಿದ್ದು ಸೀರೆ ಬಿಗಿಯುವಷ್ಟು ಹೊತ್ತು. ಕೊನೆಗೆ ವಿಶ್ರಾಂತಿ ಕೊಡಿಸಿದ್ದು ಚಾಪೆಯ ಮೇಲಿನ ಪ್ರೇಕ್ಷಕರು, ಕಾಯಿದೆಯಲ್ಲ.

ಗಾಯದ ಕಾಯಿದೆ ಇನ್ನೂ ಹಳೆಯದು, 1923ರದು. ಅದರ ಪಟ್ಟಿಯಲ್ಲಿ ಮನುಷ್ಯನ ಒಂದೊಂದು ಅಂಗಕ್ಕೂ ಲೆಕ್ಕ ಬರೆದಿದ್ದಾರೆ. ತೋರು ಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 14 ಭಾಗ ನಷ್ಟ. ಗುದ್ದಲಿ ಹಿಡಿಯುವವನಿಗೆ ಈ ಲೆಕ್ಕ ಸರಿಯಿರಬಹುದು. ಢೋಲ್ಕಿಯವನಿಗೆ ನೂರಕ್ಕೆ ನೂರೂ ಅಲ್ಲಿಯೇ ಇತ್ತು. ಆ 14 ಭಾಗವಾದರೂ ಅವನಿಗೆ ಸಿಕ್ಕಿತೇ? ಕೇಳಬೇಕಾದರೆ ಇಂಥವನು ನನ್ನ ಮಾಲೀಕನೆಂದು ತೋರಿಸುವ ಒಂದು ಚೀಟಿ ಬೇಕು. ಉಚಲಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದ ಮಾಲೀಕನ ಪೆಟ್ಟಿಗೆಯಲ್ಲಿತ್ತು, ಹುಡುಗನ ಕೈಯಲ್ಲಿ ಏನೂ ಇರಲಿಲ್ಲ.

ನಮ್ಮ ಕೈಯಲ್ಲಿ ಇದೆ, ಬಂಧುಗಳೇ. ಹಾಜರಿ ಪುಸ್ತಕ ಇದೆ, ಸಂಬಳದ ಚೀಟಿ ಇದೆ, ಯೂನಿಯನ್ ಇದೆ. 1951ರ ತೋಟ ಕಾರ್ಮಿಕರ ಕಾಯಿದೆಯಲ್ಲಿ ಆಸ್ಪತ್ರೆ, ಕಾಯಿಲೆ ಭತ್ಯೆ ಎಂದು ಬರೆಸಿಕೊಳ್ಳಲು ನಮ್ಮ ಹಿಂದಿನವರು ಪಟ್ಟ ಪಾಡು ಮರೆಯುವಂಥದಲ್ಲ. ಈಗ 2025ರ ನವೆಂಬರ್ 21ರಿಂದ ಈ ಹಳೆಯ ಕಾಯಿದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಯಾವುದು ಉಳಿಯಿತು, ಯಾವುದು ಸೋರಿತು ಎಂದು ಕೇಳಲು ಪ್ರತಿ ಲೈನಿನಿಂದ ಇಬ್ಬರಾದರೂ ಯೂನಿಯನ್ ಕಛೇರಿಗೆ ಹೋಗಬೇಕು. ಭಜನೆಗೆ ಹೋಗುವ ಹುರುಪಿನಲ್ಲಿ ಅರ್ಧ ಇದ್ದರೂ ಸಾಕು.

ಈಗ ವೇದದ ಮಾತಿಗೆ ಬರುತ್ತೇನೆ. ಪ್ರಸಂಗಿಗಳು ವೇದದ ಹೆಸರಿನಲ್ಲೇ ಮಾತಾಡಿದ್ದಾರೆ, ಆದ್ದರಿಂದ ಅಲ್ಲಿಯೇ ಹುಡುಕೋಣ.

ದಾವೀದನು ಸೌಲನ ಅರಮನೆಯಲ್ಲಿ ಕಿನ್ನರಿ ಬಾರಿಸುತ್ತಿದ್ದ ವಾದ್ಯಗಾರ. ಬಾರಿಸುತ್ತಿರುವಾಗಲೇ ಅರಸನು ಈಟಿ ಎಸೆದನು. ದಾವೀದನು ಏನು ಮಾಡಿದನು? ಎದೆಗೆ ಈಟಿ ಬಿದ್ದರೂ ಶ್ರುತಿ ತಪ್ಪಬಾರದೆಂದು ಕುಳಿತನೇ? ತಪ್ಪಿಸಿಕೊಂಡನು, ಆ ರಾತ್ರಿಯೇ ಓಡಿಹೋದನು. ಈಟಿ ಗೋಡೆಗೆ ನಾಟಿತು. ಅವನು ಓಡಿದ್ದಕ್ಕೇ ನಮಗೆ ಕೀರ್ತನೆಗಳು ಉಳಿದವು. ಬಾಬೆಲಿಗೆ ಸೆರೆಹೋದವರ ಮಾತು ಕೀರ್ತನೆ 137ರಲ್ಲಿದೆ. ಹಿಡಿದೊಯ್ದವರು ಚೀಯೋನಿನ ಹಾಡು ಹೇಳಿರೆಂದು ಕೇಳಿದರು. ಇವರು ವಾದ್ಯಗಳನ್ನು ಮರಕ್ಕೆ ತೂಗುಹಾಕಿ ಕುಳಿತರು. ನನ್ನ ಮಟ್ಟಿಗೆ ಅದು ವಾದ್ಯಗಾರರ ಮೊದಲನೆಯ ಮುಷ್ಕರ.

ಫಿಲಿಪ್ಪಿಯ ಸಭೆಯಿಂದ ಪೌಲನ ಬಳಿಗೆ ಬಂದ ಎಪಫ್ರೊದೀತನನ್ನು ಯಾರಾದರೂ ನನಗೆ ತೋರಿಸಬಹುದು. ಕೆಲಸಕ್ಕಾಗಿ ಸಾಯುವಷ್ಟು ಕಾಯಿಲೆ ಬಿದ್ದವನು, ಪೌಲನೇ ಅವನನ್ನು ಹೊಗಳಿದ್ದಾನಲ್ಲ ಎನ್ನಬಹುದು. ನಿಜ, ಹೊಗಳಿದ್ದಾನೆ. ಆದರೆ ಎರಡನೆಯ ಅಧ್ಯಾಯವನ್ನು ಪೂರ್ತಿ ಓದಿರಿ. ಹೊಗಳಿ ಅವನನ್ನು ಮನೆಗೆ ಕಳುಹಿಸಿದ್ದಾನೆ! ಸಂತೋಷದಿಂದ ಬರಮಾಡಿಕೊಳ್ಳಿರೆಂದು ಕಾಗದ ಕೊಟ್ಟು ಕಳುಹಿಸಿದ್ದಾನೆ. ತನಗೆ ಸೆರೆಮನೆಯಲ್ಲಿ ಆಳು ಬೇಕಿದ್ದರೂ ಹಿಡಿದಿಟ್ಟುಕೊಳ್ಳಲಿಲ್ಲ. ಇನ್ನು ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ ಜಗಳದಲ್ಲಿ ಪೆಟ್ಟು ತಿಂದು ಹಾಸಿಗೆ ಹಿಡಿದವನ ನ್ಯಾಯವಿದೆ. ಹೊಡೆದವನು ಅವನ ಕೆಲಸ ಕೆಟ್ಟ ದಿನಗಳ ನಷ್ಟವನ್ನೂ ಕೊಡಬೇಕು, ಪೂರ್ತಿ ವಾಸಿಯಾಗುವ ತನಕ ಚಿಕಿತ್ಸೆಯನ್ನೂ ಮಾಡಿಸಬೇಕು. ಮೋಶೆಯ ಕಾಲದಲ್ಲೇ ದಿನಗೂಲಿಯ ನಷ್ಟಕ್ಕೆ ಲೆಕ್ಕ ಇತ್ತು. ನಮ್ಮ ಕೂಟಗಳಲ್ಲಿ ಈ ಭಾಗವನ್ನು ಓದಿದ್ದು ನಾನು ಕೇಳಿಲ್ಲ.

ಶಿಲುಬೆ ಹೊರಬೇಡವೇ ಎಂದು ಕೇಳುತ್ತೀರಿ. ಹೊರಬೇಕು. ಆದರೆ ಏಣಿಯ ಮೆಟ್ಟಿಲು ಕೊಳೆತಿತ್ತು, ಹಗ್ಗ ಕೊಟ್ಟಿರಲಿಲ್ಲ, ಮರ ಜಾರುತ್ತಿತ್ತು. ಇದನ್ನು ಶಿಲುಬೆ ಎಂದು ಕರೆದರೆ ಕರ್ತನ ಹೆಸರಿನ ಮೇಲೆ ಎಸ್ಟೇಟಿನ ಲೆಕ್ಕ ಬರೆದಂತಾಗುತ್ತದೆ.

ಈಗ ನಮ್ಮ ಹುಡುಗನ ಸಂಗತಿ. ಅವನು ಬಿದ್ದ ದಿನ ಹಾಜರಿ ಪುಸ್ತಕದಲ್ಲಿ ಅರ್ಧ ದಿನವೆಂದು ಬರೆದರು. ಮರುದಿನದಿಂದ ಗೈರು. ಆರು ತಿಂಗಳಾಗುತ್ತ ಬಂತು. ಅಂದಿನಿಂದ ಈ ಸಹವಾಸದ ನಾವು ಅವನಿಗಾಗಿ ಎಷ್ಟು ಸಲ ಪ್ರಾರ್ಥಿಸಿದ್ದೇವೆ? ಬಹಳ ಸಲ. ಅವನ ಜೊತೆ ಯೂನಿಯನ್ ಕಛೇರಿಗೆ ಎಷ್ಟು ಜನ ಹೋದೆವು? ಒಬ್ಬರೂ ಇಲ್ಲ, ನನ್ನನ್ನೂ ಸೇರಿಸಿ. ಡಾಕ್ಟರ ಚೀಟಿ ತೆಗೆಸಲಿಲ್ಲ, ಏಣಿ ಹಿಡಿದಿದ್ದ ಇಬ್ಬರ ಹೇಳಿಕೆ ಬರೆಸಲಿಲ್ಲ, ಪರಿಹಾರಕ್ಕೆ ಅರ್ಜಿ ಹಾಕಿಸಲಿಲ್ಲ. ಅವನ ತಾಯಿ ಅಂಗಡಿಯಲ್ಲಿ ಬಾಕಿ ಬರೆಸುತ್ತಿರುವುದು ಎಲ್ಲರಿಗೂ ಗೊತ್ತಿದೆ. ಆದರೆ ಕ್ರಿಸ್ಮಸ್ ಬಂತೆಂದರೆ ಡೋಲಕ್ ಬೇಕು! ಡೋಲಕ್ ಇಲ್ಲದಿದ್ದರೆ ದೊರೆಯ ಬಂಗಲೆಯಲ್ಲಿ ಹಾಡು ರಂಗೇರುವುದಿಲ್ಲ, ಕಾಣಿಕೆ ಡಬ್ಬಿ ತುಂಬುವುದಿಲ್ಲ! ಫಡದ ಮಾಲೀಕನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ, ಅವನಾದರೂ ಪಗಾರ ಕೊಡುತ್ತಿದ್ದ.

ಆದುದರಿಂದ ಕಮಿಟಿಯವರಿಗೆ ನನ್ನ ಮಾತು ಇಷ್ಟೇ. ಈ ವರ್ಷ ಹಾಡಿನ ಸುತ್ತು ಡೋಲಕ್ ಇಲ್ಲದೆ ನಡೆಯಲಿ, ಕೈಚಪ್ಪಾಳೆ ಸಾಕು. ಇಲ್ಲವೆ ಒಂಬತ್ತರ ಬದಲು ಮೂರು ರಾತ್ರಿ ಆಗಲಿ. ಡಬ್ಬಿಯಲ್ಲಿ ಬಿದ್ದದ್ದರಲ್ಲಿ ಮೊದಲ ಪಾಲು ಅವನ ಭುಜದ ಎಕ್ಸ್‌ರೇಗೂ ಮನೆಯ ಅಂಗಡಿ ಬಾಕಿಗೂ ಹೋಗಲಿ. ಅದನ್ನು ದಾನವೆಂದು ಬರೆಯಬೇಡಿರಿ, ಕೆಟ್ಟ ದಿನಗಳ ನಷ್ಟವೆಂದು ಬರೆಯಿರಿ. ವೇದಿಕೆಯಿಂದ ಅವನನ್ನು ನಾಚಿಸಿದ ಮಾತನ್ನು ವೇದಿಕೆಯಿಂದಲೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಪ್ರಸಂಗಿಗಳಿಗೆ ನಾನೇ ಕಾಗದ ಬರೆದು ಕಥೆಯ ಉಳಿದ ಅರ್ಧವನ್ನು ತಿಳಿಸಿದ್ದೇನೆ.

ಬರುವ ಸೋಮವಾರ ನಾನು ಒಂದು ದಿನದ ಕೂಲಿ ಬಿಟ್ಟು ಅವನನ್ನು ಯೂನಿಯನ್ ಕಛೇರಿಗೆ ಕರೆದುಕೊಂಡು ಹೋಗುತ್ತೇನೆ. ಏಣಿ ಹಿಡಿದಿದ್ದವರಲ್ಲಿ ಒಬ್ಬರು ಬರಲು ಒಪ್ಪಿದ್ದಾರೆ, ಇನ್ನೊಬ್ಬರು ಮೇಸ್ತ್ರಿಯ ಭಯದಿಂದ ಹಿಂದೆಮುಂದೆ ನೋಡುತ್ತಿದ್ದಾರೆ. ಅವರ ಮನೆಗೆ ಹೋಗಿ ಧೈರ್ಯ ಹೇಳುವವರು ಭಾನುವಾರ ಆರಾಧನೆ ಮುಗಿದ ಮೇಲೆ ನನ್ನ ಹತ್ತಿರ ಬರಬಹುದು. ಬೆಳಗಿನ ಏಳೂವರೆಯ ಬಸ್ಸು, ಕೆಳಗಿನ ಲೈನಿನ ಅಂಗಡಿಯ ಮುಂದೆ. ಡೋಲಕ್ ನಮ್ಮ ಮನೆಯ ಅಟ್ಟದ ಮೇಲಿದೆ, ಗೋಣಿ ಸುತ್ತಿ ಇಟ್ಟಿದ್ದೇನೆ, ಡಾಕ್ಟರು ಹೇಳುವವರೆಗೆ ಇಳಿಸುವುದಿಲ್ಲ.